ಹೆಸರು ಕೆಟ್ಟ ದಿನ

ಅಕ್ಕನ ಹಲ್ಲಿನ ಆಸ್ಪತ್ರೆಯ ಹಳೇ ಸರ್ವರ್ ಕೈಕೊಡತೊಡಗಿ ವರ್ಷವಾಗಿತ್ತು. ಕೊನೆಗೆ ರಜೆಯ ದಿನ ತಂಗಿಯೇ ಕೂತು ರೋಗಿಗಳ ದಾಖಲೆಯನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿದಳು. ಅದೇ ಕೆಲಸದಲ್ಲಿ ಪಳಗಿದವಳು. ಲೆಕ್ಕ ತಾಳೆಯಾಯಿತು, ಒಂದು ದಾಖಲೆಯೂ ತಪ್ಪಿಲ್ಲ ಎಂದು ನಿಶ್ಚಿಂತೆಯಿಂದ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಅಕ್ಕನ ಫೋನು.

"ಏನೇ ಮಾಡಿಟ್ಟೆ? ಒಬ್ಬರ ಹೆಸರೂ ಓದೋಕೆ ಬರ್ತಿಲ್ಲ. ಮುಂದೆ ಕೂತಿರೋ ಚಿಕ್ಕಪ್ಪ ಯಾರನ್ನು ಅಂತ ಒಳಗೆ ಕಳಿಸಬೇಕು?"

ಎದ್ದೆನೋ ಬಿದ್ದೆನೋ ಎಂದು ಬಂದು ನೋಡಿದಳು. ಚಿಕ್ಕಪ್ಪ ಕೂರುವ ಮುಂದಿನ ಮೇಜಿನ ಪರದೆಯಲ್ಲಿ ಹೆಸರಿರಬೇಕಾದ ಕಡೆಯೆಲ್ಲ ತಲೆ ಮೇಲೆ ಗೀಟಿದ್ದ ಇಂಗ್ಲಿಷ್ a, ಪಕ್ಕದಲ್ಲೊಂದು ಪುಟಾಣಿ 2, ಮತ್ತೆ ಅದೇ a. ಬೆಂಚಿನ ಮೇಲಿದ್ದವರು ಕೆನ್ನೆ ಹಿಡಿದುಕೊಂಡೇ ಅವಳನ್ನು ದುರುಗುಟ್ಟಿ ನೋಡುತ್ತಿದ್ದರು.

ಕಾರಣ ಬೇಗನೆ ಸಿಕ್ಕಿತು. ಹಳೇ ಸರ್ವರಿನಲ್ಲಿ ಹೆಸರುಗಳು ಕನ್ನಡವನ್ನೂ ಬರೆದಿಡಬಲ್ಲ ಯೂನಿಕೋಡಿನಲ್ಲೇ ಇದ್ದವು. ಯಾರೋ ಪುಣ್ಯಾತ್ಮ ಅದಕ್ಕೆ 'ಲ್ಯಾಟಿನ್', ಅಂದರೆ ಇಂಗ್ಲಿಷ್ ಲಿಪಿ, ಎಂದು ಚೀಟಿ ಅಂಟಿಸಿದ್ದ. ಹೊಸ ಸರ್ವರ್ ಆ ಚೀಟಿಯನ್ನು ನಂಬಿ, ಆಗಲೇ ಯೂನಿಕೋಡ್ ಆಗಿದ್ದನ್ನು ಇನ್ನೊಮ್ಮೆ ಯೂನಿಕೋಡ್ ಮಾಡಿಬಿಟ್ಟಿತ್ತು. ಸದ್ಯ, ಹಳೆಯದನ್ನು ಅವಳು ಅಳಿಸಿರಲಿಲ್ಲ. ಏನನ್ನೂ ಬದಲಿಸದೆ ಹೊರತೆಗೆದು, ಸರಿಯಾದ ಚೀಟಿ ಹಚ್ಚಿ ಮತ್ತೆ ತುಂಬಿದರೆ ಆಯಿತು.

"ಯಾರೂ ಏನೂ ಮುಟ್ಟಬೇಡಿ," ಎಂದಳು.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡರು. "ನೀನು ಬರೋ ತನಕ ಸುಮ್ಮನೆ ಯಾಕೆ ಕೂರಲಿ ಅಂತ, ಬಂದವರನ್ನೆಲ್ಲ ಕೇಳಿ ಕೇಳಿ ಹೆಸರು ತಿದ್ದಿದೀನಮ್ಮ. ಕೆಲವರಿಗೆ ಮುಂದಿನ ವಾರಕ್ಕೆ ಸಮಯಾನೂ ಕೊಟ್ಟೆ."

ಅವಳು ಹಣೆ ಚಚ್ಚಿಕೊಂಡಳು. ಹೊಸದಾಗಿ ತುಂಬಿದರೆ ಚಿಕ್ಕಪ್ಪನ ಕೆಲಸ ನೀರುಪಾಲು. ಹೊಸ ಸರ್ವರಿನಲ್ಲೇ ಎಲ್ಲವನ್ನೂ ಹಿಂದಿನ ರೂಪಕ್ಕೆ ತಿರುಗಿಸಿದರೆ ಅವರು ತಿದ್ದಿದ ಹೆಸರುಗಳೇ ಕೆಡುತ್ತವೆ.

"ತಿದ್ದಿ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ. ನನಗೇ ಹೊಳೀತು," ಎಂದರು ಚಿಕ್ಕಪ್ಪ ಹೆಮ್ಮೆಯಿಂದ.

ಅವಳು ಹಲ್ಲು ಕಚ್ಚಿಕೊಂಡು, ಬೆಳಿಗ್ಗೆಯಿಂದ ಅವರ ಕೈ ಬಿದ್ದ ದಾಖಲೆಗಳನ್ನೆಲ್ಲ ಬೇರೆ ತೆಗೆದಿಟ್ಟಳು. ಉಳಿದದ್ದನ್ನು ಹಳೇ ಸರ್ವರಿನಿಂದ ಮತ್ತೆ ತಂದಳು. ಆಮೇಲೆ ತೆಗೆದಿಟ್ಟಿದ್ದನ್ನು ಒಂದೊಂದಾಗಿ ನೋಡಿ ಸೇರಿಸಿದಳು. ಒಳಕೋಣೆಯಲ್ಲಿ ಅಕ್ಕನ ಡ್ರಿಲ್ಲು ಕಿರ್ರೆನ್ನುತ್ತಿತ್ತು. ನಡುನಡುವೆ ಅಕ್ಕ ಬಾಗಿಲಿನಲ್ಲಿ ತಲೆ ಹಾಕಿ "ಆಯ್ತಾ?" ಎನ್ನುತ್ತಿದ್ದಳು. ಚಿಕ್ಕಪ್ಪ ಬೆನ್ನ ಹಿಂದೆ ನಿಂತು, "ಅದು ದೀರ್ಘ ಅಲ್ಲಮ್ಮ, ಹ್ರಸ್ವ," ಎನ್ನುತ್ತಿದ್ದರು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಪರದೆಯ ತುಂಬ ಹೆಸರುಗಳು, ಒತ್ತು ಕೊಂಬುಗಳ ಸಮೇತ. ಕೈಗವಸು ಕಳಚುತ್ತ ಬಂದ ಅಕ್ಕ ಬಗ್ಗಿ ನೋಡಿದಳು.

"ಮೊದಲು ಹೇಗಿತ್ತೋ ಹಾಗೇ ಇದೆಯಲ್ಲೇ! ಇಷ್ಟಕ್ಕೆ ಇಷ್ಟು ಹೊತ್ತು ಬೇಕಾಯ್ತಾ?"

ತಂಗಿ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಚಿಕ್ಕಪ್ಪಾ, ಇನ್ನು ಮೇಲೆ ನಿಮಗೆ ಏನಾದರೂ ಹೊಳೆದರೆ, ಮೊದಲು ನನಗೊಂದು ಫೋನ್ ಮಾಡಿ."