ಮಧ್ಯಾಹ್ನದ ಆಟ

ಸತ್ತವಳ ತಮ್ಮ, ಕಸುಬಿನಲ್ಲಿ ಬಡಗಿ, ತನ್ನ ಭಾವನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ ರಭಸಕ್ಕೆ ಸ್ಪೀಕರ್ ಸ್ಟ್ಯಾಂಡಿನ ಸಮೇತ ಉರುಳಿತು. ಬಿದ್ದಲ್ಲಿಂದಲೇ ಅದು ಹಾಡುತ್ತಲೇ ಇತ್ತು. ಹಾಡಿದವಳು ಮಾತ್ರ ಮುಂಗೋಣೆಯ ನಡುವೆ ಮಂಚದ ಮೇಲೆ, ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಅವಳ ಮುಖವನ್ನು ಯಾರೋ ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರು.

“ನಿನ್ನೆ ಬಚ್ಚಲಲ್ಲಿ ಬಿದ್ದಳಾ?” ತಮ್ಮ ಇನ್ನೊಂದು ಗುದ್ದು ಕೊಟ್ಟ. “ಮದುವೆಯಾದಾಗಿಂದ ನಮ್ಮಕ್ಕ ಬಚ್ಚಲಲ್ಲಿ ಬೀಳ್ತಾನೇ ಇದಾಳೆ. ಆ ಬಚ್ಚಲಿಗೆ ಬಾಗಿಲು ಕೂರಿಸಿದವನು ನಾನು. ಅಲ್ಲಿ ಬೀಳೋಕೆ ಜಾಗ ಎಲ್ಲಿದೆ ಹೇಳು. ಕಾಲು ಜಾರಿದರೂ ಗೋಡೆಗೆ ಒರಗಬೇಕು, ಅಷ್ಟೇ.”

ಆರ್ಕೆಸ್ಟ್ರಾದವರು ಇಬ್ಬರನ್ನೂ ಹಿಡಿದು ಬಿಡಿಸಿದರು. ಗಂಡನ ಮೂಗಿನಿಂದ ಇಳಿದ ರಕ್ತ ಇಸ್ತ್ರಿಯ ಅಂಗಿಯ ಮೇಲೆ ಹನಿಯಿತು. ಆರ್ಕೆಸ್ಟ್ರಾ ನಡೆಸುವವನೂ ಅವನೇ, ಅದರಲ್ಲಿ ಡ್ರಮ್ ಬಾರಿಸುವವನೂ ಅವನೇ; ಎಲ್ಲರ ಬಾಯಲ್ಲೂ ಮೇಷ್ಟ್ರು.

“ಹೃದಯ ನಿಂತು ಹೋಗಿದಾಳೆ ಅಂತ ಡಾಕ್ಟರೇ ಹೇಳಿದಾರೆ,” ಎಂದ ಮೇಷ್ಟ್ರು.

ಅದು ನಿಜವೇ. ನಿನ್ನೆ ಮಲಗಿದವಳು ಏಳಲಿಲ್ಲ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಗೋಡೆಗೆ ತಿರುಗಿಸಿಟ್ಟ ಕೆನ್ನೆಯ ಬಗ್ಗೆ.

ಅಷ್ಟರಲ್ಲಿ ಮಗಳು ಬಂದಳು. ಕೈಯಲ್ಲಿ ಮೇಕಪ್ ಪೆಟ್ಟಿಗೆ ಇತ್ತು. ಮದುವಣಗಿತ್ತಿಯರಿಗೆ ಬಣ್ಣ ಹಚ್ಚುವುದು ಅವಳ ಕಸುಬು. ಸುಟ್ಟ ಕಲೆಯಿರಲಿ, ಹೊಲಿಗೆಯ ಗುರುತಿರಲಿ, ಅವಳ ಕೈಗೆ ಸಿಕ್ಕರೆ ಮಾಯವಾಗುತ್ತಿತ್ತು.

“ಪೆಟ್ಟಿಗೆ ತಂದೆಯಲ್ಲ, ಒಳ್ಳೇದಾಯ್ತು,” ಎಂದ ಅಪ್ಪ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. “ವ್ಯಾನ್ ಬರೋ ಹೊತ್ತು. ಕೊನೇ ಸಲ ಮುಖ ನೋಡ್ಬೇಕು ಅಂತ ಬೀದಿ ತುಂಬ ಜನ ನಿಂತಿದಾರೆ. ನಿಮ್ಮಮ್ಮ ಲಕ್ಷಣವಾಗಿ ಕಾಣಬೇಕು.”

ಮಗಳು ಮಂಚದ ಪಕ್ಕ ಕೂತು ಅಮ್ಮನ ಮುಖವನ್ನು ಮೆಲ್ಲಗೆ ಈಚೆಗೆ ತಿರುಗಿಸಿಕೊಂಡಳು. ಎಡಗೆನ್ನೆಯ ಮೇಲೆ ಯಾರೋ ದಪ್ಪನಾಗಿ ಪೌಡರ್ ಮೆತ್ತಿದ್ದರು. ಪೌಡರಿನ ಅಡಿಯಿಂದ ಕಣ್ಣಿನ ಕೆಳಗಿಂದ ದವಡೆಯವರೆಗೆ ಏಟಿನ ಒಂದು ಕಲೆ ಇಣುಕುತ್ತಿತ್ತು. ನಡುವೆ ಹಸಿರು, ಅಂಚಿನಲ್ಲಿ ಹಳದಿ. ನಿನ್ನೆ ಬಿದ್ದ ಪೆಟ್ಟು ಇವತ್ತಿಗೇ ಹಸಿರಾಗುವುದಿಲ್ಲ. ಕೆಂಪಾಗಿ, ನೀಲಿಯಾಗಿ, ಆಮೇಲೆ ಹಸಿರಿಗೆ ತಿರುಗಲು ಅದಕ್ಕೊಂದು ವಾರವಾದರೂ ಬೇಕು. ಇದನ್ನು ಅವಳು ಯಾವ ಪಾರ್ಲರಿನಲ್ಲೂ ಕಲಿತದ್ದಲ್ಲ.

*

“ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ. ಎಲ್ಲಿ, ಹೇಳು.”

ಯಾವ ಏಟಿನ ಬಣ್ಣವನ್ನು ಯಾವ ಬಣ್ಣ ಮರೆಸುತ್ತದೆ ಎಂದು, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಮಗಳು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ನಿಂತು, ಪುಟ್ಟ ಬೆರಳಲ್ಲಿ ಅಮ್ಮನ ಕೆನ್ನೆಗೆ ಬಣ್ಣ ಹಚ್ಚುತ್ತಿದ್ದಳು. ಸಂಜೆ ಆರತಕ್ಷತೆಯೊಂದರಲ್ಲಿ ಅಮ್ಮನ ಹಾಡು. ಒಂದು ಕಣ್ಣು ಊದಿ ಮುಚ್ಚಿಹೋಗಿದ್ದರಿಂದ ತನ್ನ ಮುಖ ಅವಳಿಗೇ ಸರಿಯಾಗಿ ಕಾಣುತ್ತಿರಲಿಲ್ಲ.

“ಒತ್ತಬೇಡ ಕಣೇ, ತಟ್ಟು. ಒತ್ತೋರು ಒತ್ತಿ ಆಗಿದೆ,” ಎಂದು ಅಮ್ಮ ನಕ್ಕಳು. ನಕ್ಕರೆ ತುಟಿ ಬಿರಿಯುತ್ತಿತ್ತು.

ಸಂಜೆಗೆ ಕಾರ್ಯಕ್ರಮವಿಲ್ಲದ ದಿನ ಬಣ್ಣವಿಲ್ಲ, ಸಿನಿಮಾ. ಏಟು ಬಿದ್ದ ಮಧ್ಯಾಹ್ನವೇ ಅಮ್ಮ ಮಗಳ ಕೈ ಹಿಡಿದು, ಹಳೆಯ ಚಿತ್ರಗಳನ್ನಷ್ಟೇ ತೋರಿಸುವ ಒಂದು ಮುರುಕಲು ಟಾಕೀಸಿಗೆ ಹೊರಡುತ್ತಿದ್ದಳು. “ದೀಪ ಆರಿದ ಮೇಲೆ ಒಳಗೆ ಹೋಗೋಣ,” ಎನ್ನುತ್ತಿದ್ದಳು. ಕತ್ತಲಲ್ಲಿ ಮುಖ ಯಾರಿಗೂ ಕಾಣುವುದಿಲ್ಲವಲ್ಲ. ತಣ್ಣನೆಯ ಸೋಡಾ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು, ತೆರೆಯ ಮೇಲಿನವಳ ಜೊತೆ ಸಣ್ಣ ದನಿಯಲ್ಲಿ ಹಾಡುತ್ತ ಕೂರುತ್ತಿದ್ದಳು. ಮನೆಗೆ ಮರಳುವಷ್ಟರಲ್ಲಿ ಹಾಡು ಬಾಯಿಗೆ ಬಂದಿರುತ್ತಿತ್ತು. ಹೊಡೆದು ಹೊಡೆದೇ ಮೇಷ್ಟ್ರು ಹೆಂಡತಿಯನ್ನು ಹಾಡುಗಳ ಕಣಜ ಮಾಡಿದ ಎನ್ನಬೇಕು.

ತಲೆ ನರೆತ ಮೇಲೆ, ಹೋದ ವರ್ಷ, ಆ ಹಾಡುಗಳನ್ನೇ ಆರಿಸಿ ಒಂದು ಆಲ್ಬಮ್ ಮಾಡಿದಳು. ಹೆಸರು ‘ಮಧ್ಯಾಹ್ನದ ಆಟ’. ಕೇಳಿದವರೆಲ್ಲ ಈ ದನಿಯಲ್ಲಿ ಎಷ್ಟು ಪ್ರೀತಿ ಇದೆ ಎಂದರು. ಸ್ಟುಡಿಯೋದಲ್ಲಿ ಕೊನೆಯ ಹಾಡಿನ ಸರದಿ ಬಂದಾಗ ಅವಳು ಮೈಕಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, “ಇದಕ್ಕೆ ಡ್ರಮ್ ಬೇಡ ಮೇಷ್ಟ್ರೇ,” ಎಂದಳು. ಅವನು ಕೋಲುಗಳನ್ನು ಮುರಿದೆಸೆದು ಹೊರಗೆ ನಡೆದ. ಮನೆಗೆ ಹೋದ ಮೇಲೆ ಮುರಿದದ್ದು ಅವಳ ಹೆಗಲ ಮೂಳೆ.

ಹೋದ ವಾರ ಯಾರೋ ಅಭಿಮಾನಿ ಮನೆಗೆ ಫೋನ್ ಮಾಡಿ, ಫೋನ್ ಎತ್ತಿದ ಮೇಷ್ಟ್ರಿಗೇ, ಆಲ್ಬಮ್ಮಿನಲ್ಲೆಲ್ಲ ಡ್ರಮ್ ಇಲ್ಲದ ಆ ಹಾಡೇ ಚೆಂದ ಎಂದಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದೇ ದಿನ ಸಂಜೆ ಅಮ್ಮ ಮಗಳಿಗೆ ಫೋನ್ ಮಾಡಿ ಅದನ್ನು ಹೇಳಿ, “ಇವತ್ತು ಮಧ್ಯಾಹ್ನ ಸಿನಿಮಾಕ್ಕೆ ಹೋಗಿದ್ದೆ ಕಣೇ,” ಎಂದಿದ್ದಳು. ಆ ಟಾಕೀಸು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮಾತಿನ ಅರ್ಥ ಮಗಳಿಗೆ ಗೊತ್ತು. ಆದರೆ ಎದುರಿಗೆ ಕೂತ ಮದುವಣಗಿತ್ತಿಯ ಒಂದೇ ಕಣ್ಣಿಗೆ ಬಣ್ಣ ಆಗಿತ್ತು. “ಆಮೇಲೆ ಮಾಡ್ತೀನಮ್ಮ,” ಎಂದು ಇಟ್ಟುಬಿಟ್ಟಿದ್ದಳು. ಆಮೇಲೆ ಮಾಡಲಿಲ್ಲ.

*

ಆರ್ಕೆಸ್ಟ್ರಾದ ಕೀಬೋರ್ಡಿನವನು ಸ್ಪೀಕರನ್ನು ಎತ್ತಿ ನಿಲ್ಲಿಸಿದ. ಆಲ್ಬಮ್ಮಿನ ದೋಣಿಯ ಹಾಡು ಶುರುವಾಯಿತು.

“ಜೇನು ಕಣಮ್ಮ, ಜೇನು,” ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. “ಪುಣ್ಯವಂತೆ. ಗಂಡ ಜೊತೆಗೆ ನಿಂತಿದ್ದಕ್ಕೆ ಇಷ್ಟು ಹಾಡಿದಳು.”

“ಇದು ಹಲ್ಲು,” ಎಂದಳು ಮಗಳು.

“ಏನಂದೆ?”

“ಈ ಹಾಡು ಕಲಿತ ದಿನ ಅಮ್ಮನ ಮುಂದಿನ ಹಲ್ಲು ಹೋಗಿತ್ತು. ಇದಾದ ಮೇಲೆ ರೈಲಿನ ಹಾಡು ಬರುತ್ತೆ, ಅದು ಮಣಿಕಟ್ಟು. ಅದರ ಮುಂದಿನದು ನಾನು ಹೊಟ್ಟೇಲಿದ್ದಾಗಿನದು. ಹೊಟ್ಟೆಗೇ ಒದ್ದಿದ್ದನಂತೆ.”

ಕೀಬೋರ್ಡಿನವನು ತಲೆ ತಗ್ಗಿಸಿ, “ನಮಗೂ ಗೊತ್ತಿತ್ತಮ್ಮ,” ಎಂದ.

“ಗೊತ್ತಿದ್ದೂ ನುಡಿಸಿದ್ರಿ.”



“ನಾಲಿಗೆ ಹಿಡಿದು ಮಾತಾಡು,” ಎನ್ನುತ್ತ ಅಪ್ಪ ಹತ್ತಿರ ಬಂದ. “ಹಚ್ಚು ಅಂದ್ರೆ ಹಚ್ಚಬೇಕು. ಸತ್ತ ಮನೇಲಿ ನನ್ನ ಮಾನ ತೆಗೀತೀಯಾ?”

ಮಗಳು ಪೆಟ್ಟಿಗೆ ತೆರೆದಳು. ಅವನು ನಿಟ್ಟುಸಿರು ಬಿಟ್ಟ. ಆದರೆ ಅವಳು ತೆಗೆದದ್ದು ಬಣ್ಣವಲ್ಲ, ಹತ್ತಿ. ಅದನ್ನು ನೀರಿನಲ್ಲಿ ಅದ್ದಿ, ಒತ್ತದೆ, ತಟ್ಟಿ ತಟ್ಟಿ ಅಮ್ಮನ ಕೆನ್ನೆಯ ಪೌಡರನ್ನೆಲ್ಲ ತೆಗೆಯತೊಡಗಿದಳು. ಒರೆಸಿದಷ್ಟೂ ಹಸಿರು ಎದ್ದು ಕಂಡಿತು. ಉಂಗುರ ತಾಗಿದ ಜಾಗ ಕಂಡಿತು. ಉಂಗುರ ಇನ್ನೂ ಅಪ್ಪನ ಬೆರಳಲ್ಲೇ ಇತ್ತು.

ಅವನು ಹೊಡೆದ. ತುಂಬಿದ ಕೋಣೆಯಲ್ಲಿ, ಹೆಣದ ಮುಂದೆ, ಬೆರಳು ಬಿಚ್ಚಿ ಮಗಳ ಕೆನ್ನೆಗೆ ಬಾರಿಸಿದ. ಅವಳ ತುಟಿ ಒಡೆಯಿತು. ಬಡಗಿ ಮಾವ ಕೈಗೆ ಸಿಕ್ಕ ಸ್ಟೂಲನ್ನೇ ಎತ್ತಿಕೊಂಡು ಮುನ್ನುಗ್ಗಿದ.

“ಬೇಡ ಮಾವ, ಬಿಡು,” ಎಂದಳು ಅವಳು, ಕೂತಲ್ಲಿಂದ ಏಳದೆ. “ಹೊಡೀಲಿ. ಇಷ್ಟು ದಿನ ಬಾಗಿಲು ಹಾಕ್ಕೊಂಡು ಹೊಡೀತಿದ್ದ. ಇವತ್ತು ಬಾಗಿಲು ತೆಗೆದಿದೆ.”

ಬಾಗಿಲಲ್ಲಿ ಜನ ಕತ್ತು ಉದ್ದ ಮಾಡಿ ನಿಂತಿದ್ದರು. ಮತ್ತೆ ಎತ್ತಿದ ಕೈಯನ್ನು ಮೇಷ್ಟ್ರು ಎಲ್ಲಿ ಇಡಬೇಕೆಂದು ತಿಳಿಯದೆ, ಕೊನೆಗೆ ಅದರಿಂದ ತನ್ನ ಮೂಗನ್ನೇ ಒರೆಸಿಕೊಂಡ.

ಹೊರಗೆ ವ್ಯಾನ್ ಬಂದು ನಿಂತಿತು. ಸ್ಪೀಕರಿನಲ್ಲಿ ಕೊನೆಯ ಹಾಡು, ಡ್ರಮ್ ಇಲ್ಲದ್ದು, ಶುರುವಾಯಿತು. ಆರ್ಕೆಸ್ಟ್ರಾದವರು ಮಂಚಕ್ಕೆ ಹೆಗಲು ಕೊಡಲು ಬಗ್ಗಿದರು. ಮುಂದಿನ ಒಂದು ಮೂಲೆಗೆ ಬಡಗಿ ಬಂದ, ಇನ್ನೊಂದಕ್ಕೆ ಮೇಷ್ಟ್ರು ಕೈ ಚಾಚಿದ. ಇಷ್ಟು ದಿನ ಮೇಷ್ಟ್ರ ಕಣ್ಸನ್ನೆಗೇ ತಾಳ ಹಿಡಿಯುತ್ತಿದ್ದ ಕೀಬೋರ್ಡಿನವನು ನಡುವೆ ಬಂದು ನಿಂತ.

“ಇದಕ್ಕೆ ಡ್ರಮ್ ಬೇಡ ಮೇಷ್ಟ್ರೇ,” ಎಂದ.

ಆ ಮೂಲೆಗೆ ಮಗಳು ಹೆಗಲು ಕೊಟ್ಟಳು. ಕೊನೆಯ ಸಲ ಮುಖ ನೋಡಲು ಬೀದಿಯಲ್ಲಿ ಕಾದಿದ್ದವರ ನಡುವೆ ಮಂಚ ನಿಧಾನವಾಗಿ ಸಾಗಿತು. ಅವರು ಮೇಲೊಂದು ಕೆನ್ನೆ ನೋಡಿದರು, ಕೆಳಗೊಂದು ಕೆನ್ನೆ ನೋಡಿದರು. ಮೇಲಿನದು ಹಸಿರು. ಕೆಳಗಿನದರ ಮೇಲೆ ಬೆರಳ ಗುರುತುಗಳು ಕೆಂಪಗೆ ಊದಿಕೊಳ್ಳುತ್ತಿದ್ದವು.

ಒಳಗೆ ಹಾಡು ನಡೆದೇ ಇತ್ತು, ಅವಳ ದನಿಯೊಂದೇ. ಖಾಲಿಯಾದ ಮುಂಗೋಣೆಯಲ್ಲಿ ಮೇಷ್ಟ್ರು ಒಬ್ಬನೇ ನಿಂತಿದ್ದ. ಅವನ ಕಾಲ ಬಳಿ ಮೇಕಪ್ ಪೆಟ್ಟಿಗೆ ತೆರೆದಂತೆಯೇ ಬಿದ್ದಿತ್ತು. ಕೆಂಪಿಗೆ ಹಚ್ಚುವ ಹಸಿರು ಬಣ್ಣದ ಕಡ್ಡಿ ಮೇಲೆಯೇ ಇತ್ತು. ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.