ಯಹ್ಯಾಕನ ಲೇಬಲ್

ಗೋರಿಯ ತಲೆಭಾಗದ ಕಲ್ಲಿಗೆ ಯಹ್ಯಾನ ಕಂಪೆನಿಯ ಹುಡುಗ ಅಶ್ರಫ್ ಅಂಟಿಸಿದ್ದ ಲೇಬಲನ್ನು ರಝಾಕ್ ಉಗುರಿನಿಂದ ಕೀಳತೊಡಗಿದ. ಗೆಳೆಯನಿಗೆ ಮಣ್ಣು ಕೊಟ್ಟ ಕೈ ಇನ್ನೂ ತೊಳೆದಿರಲಿಲ್ಲ.

"ಎಂತ ಮಾರಾಯ ಇದು? ಖಬರಿಗೆ ಬಾರ್‌ಕೋಡಾ?"

"ಹೆಸರು ಮಾತ್ರ ಹಾಕುವ ಅಂತಿದ್ದೆ ರಝಾಕಾಕ. ಗಡಿಬಿಡಿಯಲ್ಲಿ ಖರ್ಜೂರದ ಪೆಟ್ಟಿಗೆಯ ಲೇಬಲಿನಲ್ಲೇ ಪ್ರಿಂಟ್ ಕೊಟ್ಟೆ, ಗೆರೆಗಳೂ ಬಂದವು." ಅಶ್ರಫ್ ಕಣ್ಣೊರೆಸಿಕೊಂಡ. "ಯಹ್ಯಾಕನ ಮಗಳು ರುಮೈಸಾ ಹೇಳಿದಳಲ್ಲ, ಉಪ್ಪನದ್ದು ಯಾವುದು ಅಂತ ಗುರುತು ಮಾಡಿಡಿ ಅಂತ. ಮೆಕ್ಕಾಕ್ಕೆ ಉಮ್ರಾಕ್ಕೆ ಬರುವಾಗ ಇಲ್ಲಿಗೂ ಬರ್ತಾಳಂತೆ."

ಸೌದಿಯ ಬುರೈದಾದ ಆ ಖಬರಸ್ಥಾನದಲ್ಲಿ ಯಾರ ಹೆಸರೂ ಇರಲಿಲ್ಲ. ಮಣ್ಣಿನ ದಿಬ್ಬ, ಒಂದು ಒರಟು ಕಲ್ಲು, ಅಷ್ಟೇ. ಬರಹ ಬೇಡವೆಂದು ಕಾವಲಿನ ಸುಡಾನಿ ಮುದುಕ ದೂರದಿಂದಲೇ ಕೈಯಾಡಿಸಿದ್ದ.

"ಇಲ್ಲಿ ದೊಡ್ಡವರಿಗೂ ಇಷ್ಟೇ, ನಮಗೂ ಇಷ್ಟೇ," ಎಂದ ರಝಾಕ್.

* * *

ಯಹ್ಯಾ ಖರ್ಜೂರದ ಕಂಪೆನಿಯಲ್ಲಿ ಲೇಬಲ್ ಹೊಡೆಯುವವನಾಗಿದ್ದ. ಒಮ್ಮೆ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ಹಬ್ಬದ ಪೆಟ್ಟಿಗೆಯ ಬಾರ್‌ಕೋಡಿಗೆ ಕಂದು ಬಣ್ಣದ ಮೇಲೆ ಚಿನ್ನದ ಗೆರೆಗಳೇ ಬೇಕೆಂದು ಹಟ ಹಿಡಿದರು. ಚಂದ ಕಾಣುತ್ತದೆ, ಆದರೆ ಅಂಗಡಿಯ ಸ್ಕ್ಯಾನ್ ಯಂತ್ರದ ಕಣ್ಣಿಗೆ ಕಾಣುವುದಿಲ್ಲ ಎಂದು ಯಹ್ಯಾ ಬಿಳಿ ಚೀಟಿ, ಕಪ್ಪು ಗೆರೆ ಬಿಟ್ಟು ಕದಲಲಿಲ್ಲ. ಬೈಸಿಕೊಂಡ. ರಜೆಯ ದಿನ ರಝಾಕನನ್ನು ಎಳೆದುಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋಗಿ, ತಾನೇ ಲೇಬಲ್ ಹಚ್ಚಿದ ಪೆಟ್ಟಿಗೆ ಹಿಡಿದು ಸಾಲಿನಲ್ಲಿ ನಿಂತ.

"ಮತ್ತೆ ಖರ್ಜೂರವಾ ಚಾಚಾ? ಅನ್ನ ತಿನ್ನುವುದೇ ಇಲ್ವಾ?" ಕೌಂಟರಿನ ನೇಪಾಳಿ ಹುಡುಗ ನಕ್ಕ.

ಪೀಂ.

"ಕೇಳಿದೆಯಾ? ಒಂದೇ ಸಲಕ್ಕೆ!" ಯಹ್ಯಾ ರಝಾಕನ ಕಡೆ ತಿರುಗಿದ.

"ನಿನ್ನ ಮದುವೆಯ ದಿನವೂ ಇಷ್ಟು ಖುಷಿ ಇರಲಿಲ್ಲ ಮಾರಾಯ."

"ನೀನು ನಗು. ಲೇಬಲ್ ಓದದಿದ್ದರೆ ಪಾಪದ ಹುಡುಗ ನಂಬ್ರ ಕುಟ್ಟುತ್ತಾ ಕೂರ್ಬೇಕು. ಹಿಂದೆ ನಿಂತವರು ಬೈಯುವುದು ಅವನಿಗೆ, ನನಗಲ್ಲ."

* * *

ಖಬರಸ್ಥಾನದಲ್ಲಿ ನಿಂತಿದ್ದಾಗಲೇ ಊರಿನಿಂದ, ಉಳ್ಳಾಲದಿಂದ ವಿಡಿಯೋ ಕಾಲ್ ಬಂತು. ರುಮೈಸಾಳ ಹಿಂದೆ ಅವಳ ತಾಯಿ ರಮ್ಲತ್ ಅಳುವುದು ಕೇಳುತ್ತಿತ್ತು.

"ರಝಾಕಾಕ, ಎಲ್ಲ ಒಂದೇ ಥರ ಉಂಟಲ್ಲ. ಉಪ್ಪ ಎಲ್ಲಿ? ನಾನು ಬಂದಾಗ ಹೇಗೆ ಹುಡುಕುವುದು?"

"ಒಂದು ನಿಮಿಷ ಮಗಳೇ." ರಝಾಕ್ ಫೋನನ್ನು ಅಶ್ರಫ್‌ನ ಕೈಗಿತ್ತ. "ಗೇಟಿನವರೆಗೆ ಹಿಂದೆ ಹಿಂದೆ ಹೋಗು. ಗೋಡೆ, ನೀರಿನ ಟಾಂಕಿ, ಎಲ್ಲ ಕಾಣಬೇಕು. ಕಟ್ ಮಾಡಬೇಡ."

"ನೀವು?"

"ನಾನು ಇಲ್ಲೇ, ಅವನ ತಲೆಯ ಹತ್ತಿರ ನಿಲ್ತೇನೆ."

ವಿಡಿಯೋ ತೆಗೆಯುವುದನ್ನು ಕಾವಲಿನ ಮುದುಕ ನೋಡಿದ, ಕಾಣದವನಂತೆ ಮುಖ ಆಚೆ ತಿರುಗಿಸಿದ. ಮಣ್ಣು ಕೊಡಲು ಬಂದವರ ಕಾರುಗಳು ಹೊರಡುತ್ತಿದ್ದವು. ಅಶ್ರಫ್ ಹೆಜ್ಜೆ ಹೆಜ್ಜೆ ಹಿಂದೆ ಸರಿದಂತೆ ಪರದೆಯಲ್ಲಿ ಕಲ್ಲುಗಳು ಹೆಚ್ಚಾದವು, ರಝಾಕ್ ಚಿಕ್ಕವನಾದ.

"ಕಾಣ್ತಾ ಉಂಟಾ ರುಮೈಸಾ?"

"ಕಾಣ್ತಾ ಉಂಟು."

ಗಾಳಿ ಬೀಸಿ ರಝಾಕನ ತಲೆಯ ಬಟ್ಟೆ ಹಾರಿ ಪಕ್ಕದ ಸಾಲಿನಲ್ಲಿ ಬಿತ್ತು. ಅದನ್ನು ಹೆಕ್ಕಲು ಅವನು ನಿಂತ ಜಾಗ ಬಿಡಲಿಲ್ಲ.