ಒಂಬತ್ತನೆಯ ತಲೆ

ಬಂಡೆಯಕ್ಕ ಎಂದರೆ ಆ ದಡದಲ್ಲಿ ಗೊತ್ತಿಲ್ಲದವರಿಲ್ಲ. ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ನಡೆದು ಹೋಗಿ, ಉಬ್ಬರ ಬರುವಷ್ಟರಲ್ಲಿ ವಾಪಸಾಗಬೇಕಾದ ಪುಟ್ಟ ನಡುಗಡ್ಡೆ ಅಲ್ಲಿತ್ತು. ಅದರ ತುಂಬ ಕೋಟ್ಯಂತರ ವರ್ಷ ಹಳೆಯ, ಆಳಿನ ಗಾತ್ರದ ಬಂಡೆಗಳು. ಇಪ್ಪತ್ತೆರಡು ವರ್ಷದಿಂದ ಜನರನ್ನು ಕರೆದೊಯ್ದು ಅವನ್ನು ತೋರಿಸುವುದೇ ಅವಳ ಕೆಲಸ. ಕಲ್ಲಿನ ಪದರಗಳನ್ನು ಬೆರಳಲ್ಲಿ ಸವರುತ್ತಾ ಅವಳು ವಿವರಿಸಿದರೆ, ಅಬ್ಬಾ ಎಂಥ ಪ್ರೀತಿ ಎನ್ನುತ್ತಿದ್ದರು ಜನ. ಪ್ರೀತಿ ಇರಲಿಲ್ಲವೆಂದು ಯಾರು ಹೇಳಿದರು? ಆದರೆ ವರ್ಷದಿಂದ ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಇದು ವಾಸಿಯಾಗುವಂಥದ್ದಲ್ಲ ಎಂದಿದ್ದರು ವೈದ್ಯರು. ಗೊತ್ತಾದರೆ ಕೆಲಸಕ್ಕೆ ಸಂಚಕಾರ. ಗಂಡನಿಲ್ಲ, ಮಕ್ಕಳಿಲ್ಲ, ಈ ಕೆಲಸ ಬಿಟ್ಟರೆ ಅವಳಿಗೆ ಇನ್ನೇನಿತ್ತು? ಒಡಹುಟ್ಟಿದ ತಮ್ಮನಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅಂದು ಬಂದವರು ಒಂಬತ್ತು ಜನ. ಹಿಂತಿರುಗುವಾಗ ಎಣಿಸಿದಳು. "ಏಳು, ಎಂಟು, ಒಂಬತ್ತು. ನಡೀರಿ ನಡೀರಿ! ನಮಗೋಸ್ಕರ ಕಾಯ್ತಾ ಕೂರೋಕೆ ಸಮುದ್ರ ಏನು ನಮ್ಮ ಸೋದರಮಾವನಾ?" ಎಲ್ಲರೂ ನಕ್ಕು ಹೊರಟರು.

ದಡ ಸೇರಿದ ಮೇಲೆ ಗುಂಪಿನಲ್ಲಿದ್ದ ಹೆಂಗಸೊಬ್ಬಳು ಹಿಂತಿರುಗಿ ನೋಡಿ ಕಿರುಚಿದಳು. "ನಮ್ಮಮ್ಮ ಎಲ್ಲಿ? ಹಿಂದೆ ಬರ್ತಿದ್ದಾರೆ ಅಂದ್ಕೊಂಡೆ. ಒಂಬತ್ತು ಅಂದ್ರಲ್ಲ ನೀವು!"

ದೋಣಿ ನಡೆಸುವ ತಮ್ಮ ಓಡಿ ಬಂದ. "ಅಕ್ಕಾ, ಸರಿಯಾಗಿ ಎಣಿಸಿದ್ಯಾ?"

"ಎಣಿಸ್ದೆ ಕಣೋ. ಒಂಬತ್ತು ತಲೆ ಇತ್ತು." ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಒಂಬತ್ತನೆಯದು ಕದಲಿರಲೇ ಇಲ್ಲ.

ಮರಳ ದಾರಿ ಆಗಲೇ ಮುಳುಗಿತ್ತು. ಅಕ್ಕ ತಮ್ಮ ಇಬ್ಬರೂ ದೋಣಿ ಹತ್ತಿದರು. ಆ ತಾಯಿ ಬದುಕಿರಲಿ, ನನ್ನ ಗುಟ್ಟು ಹಾಳಾಗಿ ಹೋಗಲಿ ಎಂದು ಬೇಡಿಕೊಂಡಳು ಬಂಡೆಯಕ್ಕ. ಮರುಗಳಿಗೆಗೇ, ಆದರೆ ಗುಟ್ಟೂ ಉಳಿಯಲಿ ಎಂದುಕೊಂಡಳು. ಅವಳೂ ಮನುಷ್ಯಳೇ ತಾನೇ.

ನೀರು ಸೊಂಟಕ್ಕೆ ಬಂದಿದ್ದ ಮುದುಕಿಯನ್ನು ತಮ್ಮ ಕಂಡುಹಿಡಿದು, ತೋಳು ಹಿಡಿದು ದೋಣಿಗೆ ಎಳೆದುಕೊಂಡ. ಮುದುಕಿಗೆ ಗಡಗಡ ನಡುಕ, ಆದರೂ ಮಾತು ನಿಲ್ಲಲಿಲ್ಲ.

"ಇವರದೇನೂ ತಪ್ಪಿಲ್ಲಪ್ಪ, ಬೈಬೇಡ. ನಾನೇ ದಣಿವಾಗಿ ಕೂತಿದ್ದೆ. ಇವರು ನನ್ನ ಪಕ್ಕದ ಬಂಡೆ ಭುಜ ತಟ್ಟಿ, 'ಏಳಿ ಅಮ್ಮಾ, ಹೊತ್ತಾಯ್ತು' ಅಂದ್ರು. ಎಂಥ ತಮಾಷೆ ಅಂತ ನಗು ಬಂತು ನಂಗೆ. ಆಮೇಲೆ ಏಳಕ್ಕೆ ಹೋದ್ರೆ ಕಾಲು ಉಳುಕಿಬಿಡ್ತು. ಕೂಗಿದೆ, ಗಾಳೀಲಿ ಯಾರಿಗೂ ಕೇಳಿಸಲಿಲ್ಲ."

ತಮ್ಮ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ತಮಾಷೆ ಅಲ್ಲಮ್ಮ," ಎಂದಳು ಬಂಡೆಯಕ್ಕ. "ಅದು ನೀವೇ ಅಂದ್ಕೊಂಡಿದ್ದೆ."